ದಣಿದ ದೇಹ ಮತ್ತು ತಪಸ್ಸಿನ ಅಳತೆ

ತೂಕ ಇಳಿಸಲು ಹೊರಟವರಲ್ಲಿ ಅನೇಕರು ಅರ್ಧ ದಾರಿಯಲ್ಲಿ ನಿಲ್ಲುವುದು ಹಸಿವಿಗಿಂತ ಹೆಚ್ಚಾಗಿ ದಣಿವಿನಿಂದ. ಮೊದಲ ಕೆಲವು ವಾರ ಉತ್ಸಾಹದಿಂದ ನಡೆದ ವ್ಯಾಯಾಮ ಆಮೇಲೆ ಭಾರವೆನಿಸುತ್ತದೆ. ಬೆಳಗ್ಗೆ ಏಳುವಾಗಲೇ ಮೈ ಸೋತಿರುತ್ತದೆ, ಮೆಟ್ಟಿಲು ಹತ್ತಿದರೆ ಕಾಲು ನಡುಗುತ್ತದೆ, ರಾತ್ರಿ ನಿದ್ದೆ ಮಾಡಿದರೂ ಆಯಾಸ ಕಳೆಯುವುದಿಲ್ಲ. ಇಷ್ಟಾದರೂ ತೂಕ ಇದ್ದಲ್ಲೇ ಇರುತ್ತದೆ. ಆಗ ಸುತ್ತಲಿನವರಿಂದಲೂ ತಮ್ಮ ಮನಸ್ಸಿನಿಂದಲೂ ಎರಡು ಬಗೆಯ ಮಾತು ಕೇಳಿಬರುತ್ತದೆ. ಇದು ಬರೀ ಸೋಮಾರಿತನ, ಮನಸ್ಸು ಗಟ್ಟಿ ಮಾಡಿಕೊಂಡು ಮುಂದುವರಿಯಬೇಕು ಎಂಬುದು ಒಂದು. ದೇಹವೇ ಬೇಡವೆನ್ನುತ್ತಿದೆ, ಬಿಟ್ಟುಬಿಡುವುದು ಒಳ್ಳೆಯದು ಎಂಬುದು ಇನ್ನೊಂದು.

ಈ ಎರಡೂ ಮಾತುಗಳ ಬೇರಿನಲ್ಲಿ ಒಂದೊಂದು ತಾತ್ವಿಕ ನಿಲುವಿದೆ. ಮೊದಲನೆಯದು ದೇಹವನ್ನು ಸಂಕಲ್ಪದ ಆಳೆಂದು ಎಣಿಸುತ್ತದೆ, ಎರಡನೆಯದು ದೇಹವನ್ನೇ ಒಡೆಯನನ್ನಾಗಿ ಮಾಡುತ್ತದೆ. ತಪಸ್ಸು, ಉಪವಾಸ, ಕಾಯಕ ಮುಂತಾದ ಸಾಧನೆಗಳನ್ನು ಶತಮಾನಗಳ ಕಾಲ ನಡೆಸಿ ನೋಡಿದ ಧರ್ಮಗಳು ಈ ಎರಡನ್ನೂ ಒಪ್ಪಿಲ್ಲ. ದಣಿವು ಯಾವ ಬಗೆಯದೆಂದು ಮೊದಲು ತಿಳಿಯಬೇಕು, ಆಮೇಲೆ ಶಕ್ತಿಗೆ ತಕ್ಕಷ್ಟು ಸಾಧನೆ ಮಾಡಬೇಕು ಎಂಬುದು ಅವುಗಳ ಸಾರ. ದಣಿದವನ ಶೀಲವನ್ನು ದಣಿವಿನಿಂದ ಅಳೆಯುವುದು ಈ ದೃಷ್ಟಿಯಲ್ಲಿ ತಪ್ಪು.

ಉದ್ಯಮಬಾಗದ ದುಡಿಮೆ

ಬೆಳಗಾವಿಯ ದಕ್ಷಿಣದ ಅಂಚಿನಲ್ಲಿ, ಖಾನಾಪುರ ರಸ್ತೆಗೆ ಹೊಂದಿಕೊಂಡಿರುವ ಉದ್ಯಮಬಾಗದಂಥ ಕಡೆ ಈ ಪ್ರಶ್ನೆ ಸ್ಪಷ್ಟವಾಗಿ ಎದುರಾಗುತ್ತದೆ. ಫೌಂಡ್ರಿಗಳು, ಯಂತ್ರದ ಬಿಡಿಭಾಗ ತಯಾರಿಸುವ ಕಾರ್ಖಾನೆಗಳು, 1979ರಲ್ಲಿ ಆರಂಭವಾದ ಗೋಗಟೆ ತಾಂತ್ರಿಕ ಮಹಾವಿದ್ಯಾಲಯ ಎಲ್ಲವೂ ಇಲ್ಲಿ ಅಕ್ಕಪಕ್ಕದಲ್ಲಿವೆ. ಸುಮಾರು 1,400 ಡಿಗ್ರಿ ಸೆಲ್ಸಿಯಸ್ ಬಿಸಿಯ ಕರಗಿದ ಕಬ್ಬಿಣವನ್ನು ಅಚ್ಚಿಗೆ ಸುರಿಯುವ ಕಾರ್ಮಿಕ, ಪಾಳಿಯಿಡೀ ಯಂತ್ರದ ಮುಂದೆ ನಿಂತಿರುವವನು, ದಿನವೆಲ್ಲ ಕುರ್ಚಿ ಬಿಡದ ಲೆಕ್ಕಿಗ, ರಾತ್ರಿ ಓದುವ ವಿದ್ಯಾರ್ಥಿ, ಕೆಲಸಕ್ಕೆ ಹೋಗುವ ಮುಂಚೆಯೂ ಬಂದ ಮೇಲೂ ಅಡುಗೆಮನೆ ನೋಡಿಕೊಳ್ಳುವ ಹೆಣ್ಣುಮಗಳು ಒಂದೇ ರಸ್ತೆಯಲ್ಲಿ ಓಡಾಡುತ್ತಾರೆ. ಇವರಿಗೆಲ್ಲ ವೈದ್ಯರು ತೂಕ ಇಳಿಸಲು ಹೇಳಿರಬಹುದು, ಇವರೆಲ್ಲರೂ ಸುಸ್ತೆಂದು ಹೇಳಬಹುದು. ಆದರೆ ಭಟ್ಟಿಯ ಮುಂದೆ ಬೆವರು ಸುರಿಸಿದವನ ಸುಸ್ತು ಬೇರೆ, ಕೂತು ಕೂತು ಮೈ ಜಡವಾದವನ ಸುಸ್ತು ಬೇರೆ. ಇಬ್ಬರಿಗೂ ಒಂದೇ ಉಪದೇಶ ಮಾಡುವವರು ಒಬ್ಬರಿಗಾದರೂ ಅನ್ಯಾಯ ಮಾಡುತ್ತಾರೆ.

ಉದ್ಯಮಬಾಗದಿಂದ ಕೆಲವೇ ಕಿಲೋಮೀಟರ್ ದೂರದ ಬೆಳಗಾವಿ ಕೋಟೆಯಲ್ಲಿ ಈ ಪ್ರಶ್ನೆಗೆ ಸಂಬಂಧಪಟ್ಟ ಮೂರು ಪರಂಪರೆಗಳ ನೆಲೆಗಳಿವೆ: ರಟ್ಟರ ಕಾಲದಲ್ಲಿ, 1204ರ ಸುಮಾರಿಗೆ ಕಟ್ಟಿದ ಕಮಲ ಬಸದಿ, ಆದಿಲ್‌ಶಾಹಿ ಕಾಲದ ಸಫಾ ಮಸೀದಿ ಮತ್ತು ಸ್ವಾಮಿ ವಿವೇಕಾನಂದರು 1892ರಲ್ಲಿ ತಂಗಿದ್ದ ಮನೆಯನ್ನು ಒಳಗೊಂಡ ರಾಮಕೃಷ್ಣ ಆಶ್ರಮ. ದೇಹವನ್ನು ಎಷ್ಟು ದಂಡಿಸಬಹುದು, ಎಲ್ಲಿ ನಿಲ್ಲಬೇಕು ಎಂಬುದರ ಬಗ್ಗೆ ಮೂರೂ ಪರಂಪರೆಗಳು ಖಚಿತವಾಗಿ ಮಾತಾಡಿವೆ.

ದಣಿವಿನ ಬಗೆಗಳು

ಸುಶ್ರುತಸಂಹಿತೆಯ ಶಾರೀರಸ್ಥಾನವು ದಣಿವನ್ನು ಹೋಲುವ ಸ್ಥಿತಿಗಳನ್ನು ಒಂದೊಂದಾಗಿ ಬಿಡಿಸಿ ಹೇಳುತ್ತದೆ. ಯಾವ ಶ್ರಮವನ್ನೂ ಮಾಡದಿದ್ದರೂ ಮೈಯಲ್ಲಿ ಹೆಚ್ಚುವ, ಏದುಸಿರು ಇಲ್ಲದ ಬಳಲಿಕೆ ‘ಕ್ಲಮ’. ಶಕ್ತಿಯಿದ್ದೂ ಕೆಲಸದಲ್ಲಿ ಉತ್ಸಾಹವಿಲ್ಲದಿರುವುದು ‘ಆಲಸ್ಯ’. ದುಡಿಮೆಯಿಂದ ಬಂದು ವಿಶ್ರಾಂತಿಯಿಂದ ಹೋಗುವ ಸಹಜ ‘ಶ್ರಮ’ ಇವೆರಡಕ್ಕಿಂತ ಬೇರೆ. ಹೀಗೆ ಶಕ್ತಿ ಬಳಕೆಯಾದದ್ದು, ಶಕ್ತಿಯೇ ಇಲ್ಲದಿರುವುದು, ಶಕ್ತಿ ಇದ್ದೂ ಮನಸ್ಸು ಏಳದಿರುವುದು ಎಂಬ ಮೂರು ಸ್ಥಿತಿಗಳು ಸಿಗುತ್ತವೆ. ಸೋಮಾರಿತನದ ಆರೋಪ ಮೂರನೆಯದಕ್ಕೆ ಮಾತ್ರ ಸಲ್ಲುತ್ತದೆ.

ಪತಂಜಲಿಯ ಯೋಗಸೂತ್ರವೂ ಇದೇ ಜಾಡಿನಲ್ಲಿದೆ. ಸಾಧಕನ ಚಿತ್ತವನ್ನು ಕದಡುವ ಒಂಬತ್ತು ಅಡ್ಡಿಗಳನ್ನು ಅದು ಮೊದಲ ಪಾದದಲ್ಲಿ ಪಟ್ಟಿ ಮಾಡುತ್ತದೆ. ಪಟ್ಟಿಯಲ್ಲಿ ವ್ಯಾಧಿ ಮೊದಲನೆಯದು, ಮನಸ್ಸಿನ ಜಡತೆ ಎರಡನೆಯದು, ಆಲಸ್ಯ ಐದನೆಯದು. ಹಿಡಿದ ನೆಲೆ ದಕ್ಕದಿರುವುದು, ದಕ್ಕಿದ ನೆಲೆಯಲ್ಲಿ ನಿಲ್ಲಲಾಗದಿರುವುದು ಕೊನೆಯ ಎರಡು. ರೋಗವನ್ನೂ ಆಲಸ್ಯವನ್ನೂ ಬೇರೆ ಬೇರೆ ಹೆಸರಿನಿಂದ ಕರೆದು, ರೋಗಕ್ಕೆ ಮೊದಲ ಸ್ಥಾನ ಕೊಟ್ಟಿರುವುದು ಗಮನಿಸಬೇಕಾದ ಸಂಗತಿ. ತೂಕ ಇಳಿದು ಒಂದು ಹಂತದಲ್ಲಿ ನಿಂತುಹೋದಾಗ ಬರುವ ನಿರಾಶೆಗೂ ಈ ಪಟ್ಟಿಯಲ್ಲಿ ಜಾಗವಿದೆ. ಅದು ಸಾಧನೆಯ ಹಾದಿಯಲ್ಲಿ ಬರುವ ನಿರೀಕ್ಷಿತ ಅಡ್ಡಿಗಳಲ್ಲಿ ಒಂದು.

ಶಕ್ತಿಯೇ ಇಲ್ಲದ ಸ್ಥಿತಿಗೆ ಇಂದಿನ ವೈದ್ಯಶಾಸ್ತ್ರ ಹಲವು ಕಾರಣಗಳನ್ನು ಗುರುತಿಸುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ರಕ್ತದಲ್ಲಿ ಆಮ್ಲಜನಕ ಸಾಗಿಸುವ ಹಿಮೋಗ್ಲೋಬಿನ್ ಕಡಿಮೆಯಾದರೆ ಸಣ್ಣ ನಡಿಗೆಯೂ ಎದೆಬಡಿತ ಏರಿಸುತ್ತದೆ. ಥೈರಾಯ್ಡ್ ಗ್ರಂಥಿ ಮಂದವಾದರೆ ಸುಸ್ತೂ ತೂಕವೂ ಒಟ್ಟಿಗೆ ಹೆಚ್ಚುತ್ತವೆ. ಶಾಕಾಹಾರಿಗಳಲ್ಲಿ ಬಿ12 ಜೀವಸತ್ವದ ಕೊರತೆ ಸಾಮಾನ್ಯ. ಸಕ್ಕರೆ ಕಾಯಿಲೆ, ಗೊರಕೆಯ ನಡುವೆ ಉಸಿರು ಕಟ್ಟುವ ನಿದ್ರಾರೋಗ, ಖಿನ್ನತೆ ಮತ್ತು ಕೆಲವು ಔಷಧಗಳೂ ಇದೇ ಬಗೆಯ ಬಳಲಿಕೆ ತರುತ್ತವೆ. ಇಂಥವರಿಗೆ ಇನ್ನೊಂದು ಸುತ್ತು ಓಡು ಎಂದರೆ, ಇಲ್ಲದ ಶಕ್ತಿಯನ್ನು ಖರ್ಚು ಮಾಡು ಎಂದಂತೆ.

ಕಡಿಮೆ ಊಟ ಮತ್ತು ಕುಗ್ಗುವ ಸಂಕಲ್ಪ

ರೋಗವಿಲ್ಲದಿದ್ದರೂ ತೂಕ ಇಳಿಸುವ ಕ್ರಿಯೆಯೇ ದಣಿವನ್ನು ತರುತ್ತದೆ. ಖರ್ಚಾಗುವುದಕ್ಕಿಂತ ಕಡಿಮೆ ಆಹಾರ ದೊರೆತಾಗ ದೇಹ ತನ್ನ ದಾಸ್ತಾನನ್ನು ಕರಗಿಸುವುದರ ಜೊತೆಗೆ ಖರ್ಚನ್ನೂ ತಗ್ಗಿಸುತ್ತದೆ. ವಿಶ್ರಾಂತಿಯಲ್ಲಿರುವಾಗ ಬಳಸುವ ಶಕ್ತಿ ಇಳಿಯುತ್ತದೆ, ಕೈಕಾಲಿನ ಸಣ್ಣಪುಟ್ಟ ಚಲನೆಗಳು ಗೊತ್ತಿಲ್ಲದೆ ಕಡಿಮೆಯಾಗುತ್ತವೆ, ಹಸಿವು ಹೆಚ್ಚುತ್ತದೆ. ಊಟ ಒಮ್ಮೆಲೇ ಕಡಿಮೆಯಾಗಿ ವ್ಯಾಯಾಮ ಒಮ್ಮೆಲೇ ಹೆಚ್ಚಾದರೆ ಸ್ನಾಯುವೂ ಕರಗುತ್ತದೆ. ಆಗ ಅದೇ ಕೆಲಸಕ್ಕೆ ಹೆಚ್ಚು ಪ್ರಯಾಸ ಬೇಕಾಗುತ್ತದೆ.

ಇದಕ್ಕೆ ಅತ್ಯಂತ ಸ್ಪಷ್ಟ ಸಾಕ್ಷಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ 1944-45ರಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗ. ಅದರಲ್ಲಿ ಪಾಲ್ಗೊಂಡ 36 ಯುವಕರು ಆತ್ಮಸಾಕ್ಷಿಯ ಕಾರಣದಿಂದ ಯುದ್ಧದಲ್ಲಿ ಆಯುಧ ಹಿಡಿಯಲು ನಿರಾಕರಿಸಿದ್ದವರು. ಹಲವರು ಶಾಂತಿವಾದಿ ಕ್ರೈಸ್ತ ಪಂಥಗಳಿಗೆ ಸೇರಿದವರು. ಯುದ್ಧದಿಂದ ಹಸಿದ ಜನರಿಗೆ ಮತ್ತೆ ಹೇಗೆ ಉಣಿಸಬೇಕೆಂಬುದನ್ನು ತಿಳಿಯಲು ಅವರು ಸ್ವಇಚ್ಛೆಯಿಂದ ಹಸಿವನ್ನು ಒಪ್ಪಿಕೊಂಡರು. 24 ವಾರ ಅವರಿಗೆ ಮೊದಲಿನ ಅರ್ಧದಷ್ಟು ಆಹಾರ ಸಿಕ್ಕಿತು, ವಾರಕ್ಕೆ ಸುಮಾರು 35 ಕಿಲೋಮೀಟರ್ ನಡೆಯಬೇಕಿತ್ತು. ತೂಕ ಸುಮಾರು ಕಾಲುಭಾಗ ಇಳಿಯಿತು. ಅದರ ಜೊತೆ ಬಲ ಕುಗ್ಗಿತು, ಚಳಿ ಹತ್ತಿತು, ಓದಿನಲ್ಲೂ ಗೆಳೆತನದಲ್ಲೂ ಆಸಕ್ತಿ ಹೋಯಿತು, ಮನಸ್ಸಿನ ತುಂಬ ಊಟದ ಯೋಚನೆಯೇ ತುಂಬಿತು.

ತತ್ವಕ್ಕಾಗಿ ಸಮಾಜದ ನಿಂದೆಯನ್ನು ಸಹಿಸಿದವರ ಸಂಕಲ್ಪ ದುರ್ಬಲವಾಗಿತ್ತೆಂದು ಯಾರೂ ಹೇಳಲಾರರು. ಆದರೂ ಅವರು ನಿರುತ್ಸಾಹಿಗಳಾದರು. ಸಂಕಲ್ಪವು ದೇಹದಿಂದ ಬಿಡುಗಡೆ ಹೊಂದಿದ ಸ್ವತಂತ್ರ ಶಕ್ತಿಯಾಗಿ ಇರುವುದಿಲ್ಲ, ಅನ್ನದ ಆಸರೆಯಲ್ಲೇ ನಿಂತಿರುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ತೈತ್ತಿರೀಯ ಉಪನಿಷತ್ತು ಮನುಷ್ಯನನ್ನು ಅನ್ನಮಯ ಕೋಶದಿಂದ ಆರಂಭಿಸಿ ಪ್ರಾಣ, ಮನಸ್ಸು, ವಿಜ್ಞಾನ, ಆನಂದಗಳ ಕಡೆಗೆ ವಿವರಿಸುವ ಕ್ರಮವೂ ಇದಕ್ಕೆ ಹೊಂದುತ್ತದೆ. ಛಾಂದೋಗ್ಯದಲ್ಲಿ ಶ್ವೇತಕೇತು ಹದಿನೈದು ದಿನ ಅನ್ನ ಬಿಟ್ಟಾಗ ಕಲಿತ ವೇದ ನೆನಪಿಗೆ ಬರುವುದಿಲ್ಲ, ಉಂಡ ಮೇಲೆ ಎಲ್ಲವೂ ಮರಳುತ್ತದೆ. ತಂದೆ ಉದ್ದಾಲಕ ಆರುಣಿ ಮಗನಿಗೆ ಕಲಿಸಿದ್ದು ಮನಸ್ಸು ಅನ್ನವನ್ನು ಅವಲಂಬಿಸಿದೆ ಎಂಬ ಪಾಠ.

ಎಷ್ಟು ದಂಡಿಸಬಹುದು

ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂಬುದು ಆಯುರ್ವೇದದ ನಿಯಮ. ಅರ್ಧಕ್ಕೆ ತಲುಪಿದ್ದರ ಗುರುತನ್ನೂ ಸುಶ್ರುತ ಕೊಟ್ಟಿದ್ದಾನೆ: ವ್ಯಾಯಾಮ ಮಾಡುವವನ ಉಸಿರು ಬಾಯಿಗೆ ಬರುವ ಕ್ಷಣ ಅದು. ಈ ಅರ್ಧವೂ ಬಲವಂತನಿಗೆ, ಜಿಡ್ಡಿನ ಆಹಾರ ಉಣ್ಣುವವನಿಗೆ, ಚಳಿಗಾಲ ಮತ್ತು ವಸಂತದಲ್ಲಿ ಸಲ್ಲುತ್ತದೆ, ಉಳಿದ ಕಾಲದಲ್ಲಿ ಇನ್ನೂ ಕಡಿಮೆ ಎಂದು ಅಷ್ಟಾಂಗಹೃದಯದ ವಾಗ್ಭಟ ಸೇರಿಸುತ್ತಾನೆ. ಮಿತಿ ಮೀರಿದರೆ ಬರುವ ತೊಂದರೆಗಳಲ್ಲಿ ಬಾಯಾರಿಕೆ, ಕ್ಷಯ, ಕೆಮ್ಮು, ಜ್ವರಗಳ ಜೊತೆ ಶ್ರಮ ಮತ್ತು ಕ್ಲಮಗಳೂ ಇವೆ. ಅತಿಯಾದ ವ್ಯಾಯಾಮವೇ ಬಿಡದ ಬಳಲಿಕೆಗೆ ಕಾರಣವಾಗಬಲ್ಲದೆಂಬ ಅರಿವು ಅಷ್ಟು ಹಳೆಯದು. ಇಂದು ವೈದ್ಯರು ಹೇಳುವ ಮಾತಿನ ಪರೀಕ್ಷೆ ಇದಕ್ಕೆ ಹತ್ತಿರವಾದದ್ದು: ಮಧ್ಯಮ ವ್ಯಾಯಾಮದಲ್ಲಿ ಮಾತಾಡಲು ಸಾಧ್ಯವಾಗಬೇಕು, ಹಾಡಲು ಆಗಬಾರದು.

ಜೈನ ಧರ್ಮದಲ್ಲಿ ದೇಹದಂಡನೆಯ ಸ್ಥಾನ ದೊಡ್ಡದು. ತತ್ವಾರ್ಥಸೂತ್ರ ಹೇಳುವ ಆರು ಬಾಹ್ಯ ತಪಸ್ಸುಗಳಲ್ಲಿ ಉಪವಾಸ, ಹೊಟ್ಟೆ ತುಂಬುವುದಕ್ಕಿಂತ ಕಡಿಮೆ ಉಣ್ಣುವುದು, ರಸಪದಾರ್ಥಗಳ ತ್ಯಾಗ, ಕಾಯಕ್ಲೇಶ ಎಲ್ಲವೂ ಸೇರಿವೆ. ಅದೇ ಗ್ರಂಥ ತೀರ್ಥಂಕರತ್ವಕ್ಕೆ ಒಯ್ಯುವ ಹದಿನಾರು ಭಾವನೆಗಳನ್ನು ಎಣಿಸುವಾಗ ತ್ಯಾಗ ಮತ್ತು ತಪಸ್ಸುಗಳಿಗೆ ಒಂದು ವಿಶೇಷಣ ಕೊಡುತ್ತದೆ: ಅವು ಶಕ್ತಿಗೆ ಅನುಸಾರವಾಗಿರಬೇಕು. ಕಠಿಣ ತಪಸ್ಸಿಗೆ ಹೆಸರಾದ ಧರ್ಮವೇ ಶಕ್ತಿಯ ಮಿತಿಯನ್ನು ತಪಸ್ಸಿನ ಒಳಗೆ ಸೇರಿಸಿದೆ. ಶಕ್ತಿಯನ್ನು ಬಚ್ಚಿಡುವುದೂ ಬೇಡ, ಮೀರುವುದೂ ಬೇಡ ಎಂಬ ಎರಡು ಎಚ್ಚರಿಕೆಗಳು ಆ ಒಂದು ಮಾತಿನಲ್ಲಿವೆ.

ಭಗವದ್ಗೀತೆಯ ಆರನೆಯ ಅಧ್ಯಾಯ ಅತಿಯಾಗಿ ಉಣ್ಣುವವನಿಗೂ ಏನೂ ಉಣ್ಣದವನಿಗೂ, ಅತಿಯಾಗಿ ಮಲಗುವವನಿಗೂ ನಿದ್ದೆಗೆಡುವವನಿಗೂ ಯೋಗ ಸಿದ್ಧಿಸದು ಎನ್ನುತ್ತದೆ. ಹದಿನೇಳನೆಯ ಅಧ್ಯಾಯ ದಂಭದಿಂದ ದೇಹವನ್ನು ಸೊರಗಿಸುವವರನ್ನು ಖಂಡಿಸುತ್ತದೆ, ತನ್ನನ್ನು ಪೀಡಿಸಿಕೊಳ್ಳುವ ತಪಸ್ಸನ್ನು ತಾಮಸವೆಂದು ಕರೆಯುತ್ತದೆ. ಹದಿನೆಂಟನೆಯದು ಇನ್ನೊಂದು ಬದಿಯನ್ನೂ ಹೇಳುತ್ತದೆ: ದೇಹಕ್ಕೆ ಕಷ್ಟವೆಂಬ ಭಯದಿಂದ ಮಾಡಬೇಕಾದ ಕೆಲಸ ಬಿಟ್ಟವನಿಗೆ ತ್ಯಾಗದ ಫಲ ಸಿಗದು. ಈ ಮೂರನ್ನೂ ಒಟ್ಟಿಗೆ ಓದಿದಾಗ ಮಾತ್ರ ಗೀತೆಯ ನಿಲುವು ಪೂರ್ಣವಾಗುತ್ತದೆ.

ಬೌದ್ಧ ಪರಂಪರೆಯಲ್ಲಿ ಸೋಣ ಕೋಳಿವಿಸನ ಪ್ರಸಂಗವಿದೆ. ಶ್ರೀಮಂತ ಮನೆಯಲ್ಲಿ ಹುಟ್ಟಿ ಭಿಕ್ಷುವಾದ ಸೋಣ ಪಾದದಿಂದ ರಕ್ತ ಸುರಿಯುವವರೆಗೆ ನಡೆದು ಧ್ಯಾನ ಮಾಡಿದ. ಇಷ್ಟು ಶ್ರಮಿಸಿದರೂ ಫಲವಿಲ್ಲವೆಂದು ಮನೆಗೆ ಮರಳುವ ಯೋಚನೆ ಬಂತು. ಬುದ್ಧ ಅವನನ್ನು ಬೈಯಲಿಲ್ಲ, ಹುರಿದುಂಬಿಸಿ ಇನ್ನಷ್ಟು ನಡೆಸಲೂ ಇಲ್ಲ. ಸೋಣ ವೀಣೆ ಬಲ್ಲವನಾಗಿದ್ದರಿಂದ, ತಂತಿ ಅತಿ ಬಿಗಿಯಾದರೂ ಅತಿ ಸಡಿಲವಾದರೂ ನಾದ ಬಾರದೆಂಬುದನ್ನು ನೆನಪಿಸಿದ. ಸೋಣ ಪ್ರಯತ್ನವನ್ನು ಬಿಡದೆ ಅದರ ಶ್ರುತಿಯನ್ನು ಸರಿಮಾಡಿಕೊಂಡು ಮುಂದೆ ಅರ್ಹಂತನಾದ. ಫಲ ಕಾಣದಾಗ ಶ್ರಮವನ್ನು ಹೆಚ್ಚಿಸುವುದು ಅಥವಾ ಎಲ್ಲವನ್ನೂ ಬಿಡುವುದು ಎಂಬ ಎರಡು ಆವೇಶಗಳಿಗೂ ಈ ಪ್ರಸಂಗ ಉತ್ತರ ಕೊಡುತ್ತದೆ.

ಉಪವಾಸದ ವಿನಾಯಿತಿ

ರಂಜಾನ್ ತಿಂಗಳ ರೋಜಾ ಇಸ್ಲಾಮಿನ ಐದು ಕಡ್ಡಾಯ ಆಚರಣೆಗಳಲ್ಲಿ ಒಂದು. ಆದರೂ ಕುರಾನಿನ ಎರಡನೆಯ ಅಧ್ಯಾಯ ಕಾಯಿಲೆಯವರಿಗೂ ಪ್ರಯಾಣಿಕರಿಗೂ ವಿನಾಯಿತಿ ಕೊಟ್ಟು, ಬಿಟ್ಟ ದಿನಗಳನ್ನು ಬೇರೆ ದಿನಗಳಲ್ಲಿ ತುಂಬಿಕೊಡಲು ಹೇಳುತ್ತದೆ. ದೇವರು ಬಯಸುವುದು ಸುಗಮವನ್ನು, ಕಷ್ಟವನ್ನಲ್ಲ ಎಂಬ ಕಾರಣವನ್ನೂ ಅಲ್ಲಿಯೇ ಕೊಡಲಾಗಿದೆ. ಏಕಾದಶಿಯಲ್ಲೂ ಮಕ್ಕಳು, ಮುದುಕರು, ರೋಗಿಗಳಿಗೆ ಫಲಾಹಾರದ ಸಡಿಲಿಕೆ ಇದೆ. ದೇವರಿಗಾಗಿ ಮಾಡುವ ವ್ರತಕ್ಕೇ ಇಷ್ಟು ವಿನಾಯಿತಿ ಇರುವಾಗ, ತೂಕದ ಮುಳ್ಳಿಗಾಗಿ ಮಾಡುವ ವ್ರತಕ್ಕೆ ವಿನಾಯಿತಿಯೇ ಇಲ್ಲವೆಂದುಕೊಳ್ಳುವುದಕ್ಕೆ ಯಾವ ಧರ್ಮದ ಆಧಾರವೂ ಇಲ್ಲ.

ಉದ್ದೇಶದಲ್ಲೂ ಇವೆರಡು ಬೇರೆ. ವ್ರತದ ಉಪವಾಸಕ್ಕೆ ಆರಂಭ ಮತ್ತು ಪಾರಣೆ ಎರಡೂ ಗೊತ್ತಿರುತ್ತವೆ, ಮನಸ್ಸನ್ನು ದೇವರ ಕಡೆ ತಿರುಗಿಸುವುದು ಅದರ ಗುರಿ. ತೂಕಕ್ಕಾಗಿ ಕೊನೆಯಿಲ್ಲದೆ ನಡೆಸುವ ಅರೆಹೊಟ್ಟೆ ಮನಸ್ಸನ್ನು ಊಟದ ಕಡೆಗೇ ಎಳೆಯುತ್ತದೆ. ಹೀಗಾಗಿ ಆಹಾರ ತಗ್ಗಿಸುವುದು ಸಣ್ಣ ಪ್ರಮಾಣದಲ್ಲಿ, ಸಾಕಷ್ಟು ಬೇಳೆಕಾಳು, ಮೊಸರು, ಸೊಪ್ಪು ಉಳಿಸಿಕೊಂಡು ನಡೆಯಬೇಕು. ಜೋಳದ ರೊಟ್ಟಿ, ಕಾಳಿನ ಪಲ್ಯಗಳ ಬೆಳಗಾವಿ ಊಟದಲ್ಲಿ ಅದಕ್ಕೆ ಬೇಕಾದದ್ದೆಲ್ಲ ಇದೆ.

ಶರಣರ ದೇಹದೃಷ್ಟಿ

ಹನ್ನೆರಡನೆಯ ಶತಮಾನದ ಶರಣರು ದೇಹವನ್ನು ಶಿವನ ನೆಲೆಯಾಗಿ ಕಂಡರು, ದುಡಿಮೆಯನ್ನು ಪೂಜೆಯ ಮಟ್ಟಕ್ಕೆ ಏರಿಸಿದರು. ಖಾನಾಪುರ ತಾಲ್ಲೂಕಿನ ಕಕ್ಕೇರಿ ಡೋಹರ ಕಕ್ಕಯ್ಯನ ನೆನಪನ್ನು ಹೊತ್ತ ಊರು. ಚರ್ಮದ ಕಾಯಕದವನಿಗೂ ಗುರುಸ್ಥಾನ ಕೊಟ್ಟ ಪರಂಪರೆ ಅದು. ಈ ಪರಂಪರೆಯಲ್ಲಿ ದಣಿಯುವುದು ಅವಮಾನದ ಸಂಗತಿಯಾಗಿರಲಿಲ್ಲ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮರ ಕಥೆ ಅಳತೆಯ ಪ್ರಶ್ನೆಗೆ ನೇರವಾಗಿ ಸಲ್ಲುತ್ತದೆ. ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಮನೆಗೆ ಸೇರಿಸದೆ, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರಲು ಹೇಳಿದಳು. ಆ ದಿನದ ಅಗತ್ಯಕ್ಕಿಂತ ಹೆಚ್ಚಿನದು ಆಸೆಯೆಂದು ಅವಳು ತಿಳಿದಳು. ಈ ವಿವೇಕ ತಟ್ಟೆಗೂ ಅನ್ವಯಿಸುತ್ತದೆ, ವ್ಯಾಯಾಮಕ್ಕೂ ಅನ್ವಯಿಸುತ್ತದೆ. ಒಂದೇ ವಾರದಲ್ಲಿ ಆರು ತಿಂಗಳ ಫಲ ಬಯಸುವುದೂ ಆಸೆಯ ಒಂದು ರೂಪವೇ.

ಹದಿನೈದನೆಯ ಶತಮಾನದ ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಗೋರಕ್ಷನ ಪ್ರಸಂಗ ಬರುತ್ತದೆ. ಸಿದ್ಧಿಯಿಂದ ದೇಹವನ್ನು ವಜ್ರದಷ್ಟು ಗಟ್ಟಿಮಾಡಿಕೊಂಡ ಗೋರಕ್ಷನಿಗೆ ಅಲ್ಲಮ ಕತ್ತಿಯಿಂದ ಹೊಡೆದಾಗ ಖಣಿಲೆಂಬ ಸದ್ದಾಗುತ್ತದೆ. ಅಲ್ಲಮನಿಗೆ ಗೋರಕ್ಷ ಹೊಡೆದಾಗ ಕತ್ತಿ ಬಯಲಲ್ಲಿ ಆಡಿದಂತೆ ಹಾದುಹೋಗುತ್ತದೆ. ಗಟ್ಟಿಯಾದ ದೇಹವೇ ಸಾಧನೆಯ ಕೊನೆಯಲ್ಲ ಎಂಬ ಅಲ್ಲಮನ ಉಪದೇಶ, ಅಂಗಸೌಷ್ಠವವನ್ನೇ ಗುರಿಯಾಗಿಸಿಕೊಂಡ ಎಲ್ಲ ಕಾಲಕ್ಕೂ ಸಲ್ಲುತ್ತದೆ. ಆರೋಗ್ಯ ಬೇಕು. ಬದುಕಿನ ಇತರ ಕೆಲಸಗಳು, ಪ್ರೀತಿ, ಪೂಜೆ, ದುಡಿಮೆ ಸರಿಯಾಗಿ ನಡೆಯಲೆಂದು ಅದು ಬೇಕು.

ವಿವೇಕಾನಂದರು ಬೆಳಗಾವಿಯಲ್ಲಿ

1892ರ ಅಕ್ಟೋಬರಿನಲ್ಲಿ ಪರಿವ್ರಾಜಕರಾಗಿ ಬೆಳಗಾವಿಗೆ ಬಂದ ಸ್ವಾಮಿ ವಿವೇಕಾನಂದರು ಮೊದಲು ವಕೀಲ ಭಾಟೆಯವರ ಮನೆಯಲ್ಲಿ, ಆಮೇಲೆ ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆಯಲ್ಲಿ ಉಳಿದರು. ಮಿತ್ರರು ಆಗ ಹಲವು ಕಾಯಿಲೆಗಳಿಗೆ ಬಗೆಬಗೆಯ ಔಷಧ ಸೇವಿಸುತ್ತಿದ್ದರು. ನರದೌರ್ಬಲ್ಯದಂಥವುಗಳಲ್ಲಿ ಬಹುಪಾಲು ಮನಸ್ಸಿನ ಕಲ್ಪನೆಯೆಂದೂ, ಹಾಸಿಗೆ ಹಿಡಿಸುವಂಥ ರೋಗಕ್ಕೆ ಮಾತ್ರ ಔಷಧ ಸಾಕೆಂದೂ ಸ್ವಾಮೀಜಿ ಬುದ್ಧಿ ಹೇಳಿದ್ದನ್ನು ಅವರು ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ.

ಆ ಮಾತು ಒಬ್ಬ ಶಿಷ್ಯನನ್ನು ಹತ್ತಿರದಿಂದ ನೋಡಿ ಹೇಳಿದ್ದು. ರೋಗದ ಚಿಂತೆಯಲ್ಲೇ ಮುಳುಗಿದವರಿಗೆ ಇಂದಿಗೂ ಅದು ಹಿತವಾದೀತು. ರಕ್ತಹೀನತೆಯಿಂದ ಬಳಲುವ ಹೆಣ್ಣುಮಗಳಿಗೆ ಅದನ್ನೇ ಹೇಳಿದರೆ ಹಾನಿಯಾಗುತ್ತದೆ. ಗುರುವಿನ ಮಾತು ಯಾರಿಗೆ, ಯಾವ ಸ್ಥಿತಿಯಲ್ಲಿ ಹೇಳಿದ್ದೆಂದು ನೋಡದೆ ಎಲ್ಲರಿಗೂ ಅನ್ವಯಿಸುವುದು ವಿವೇಕವೆನಿಸದು. ಯುವಕರಿಗೆ ಮೊದಲು ಬಲ ಬೇಕು, ಫುಟ್‌ಬಾಲ್ ಆಡಿ ತೋಳು ಗಟ್ಟಿಯಾದ ಮೇಲೆ ಗೀತೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ ಎಂದು ಮದ್ರಾಸಿನಲ್ಲಿ ಹೇಳಿದ ಇದೇ ವಿವೇಕಾನಂದರು ಸಕ್ಕರೆ ಕಾಯಿಲೆ, ಆಸ್ತಮಾಗಳಿಂದ ನರಳಿದರು. 1902ರಲ್ಲಿ 39ನೆಯ ವಯಸ್ಸಿಗೆ ತೀರಿಕೊಂಡರು. ಬಲದ ಮಹತ್ವವನ್ನು ಸಾರಿದವರ ದೇಹವೂ ದಣಿಯಿತು. ಅದರಿಂದ ಅವರ ಸಂಕಲ್ಪಕ್ಕೆ ಯಾವ ಕುಂದೂ ಬರಲಿಲ್ಲ.

ಆಚರಣೆಯ ಕ್ರಮ

ಈ ವಿಚಾರಗಳಿಂದ ಒಂದು ಕ್ರಮ ಹೊಮ್ಮುತ್ತದೆ. ಮೊದಲನೆಯದು ಪರೀಕ್ಷೆ. ಕೆಲವು ವಾರ ಕಳೆದರೂ ದಣಿವು ಇಳಿಯದಿದ್ದರೆ ಜಿಲ್ಲಾಸ್ಪತ್ರೆಯಲ್ಲಾಗಲಿ, ಇ.ಎಸ್.ಐ. ಸೌಲಭ್ಯದಲ್ಲಾಗಲಿ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12 ನೋಡಿಸಬೇಕು. ಎದೆನೋವು, ತಲೆಸುತ್ತು, ಸಣ್ಣ ಶ್ರಮಕ್ಕೂ ಉಸಿರು ಕಟ್ಟುವುದು, ಪ್ರಯತ್ನವಿಲ್ಲದೆ ತೂಕ ಇಳಿಯುವುದು ಕಂಡರೆ ತಡಮಾಡಬಾರದು. ವ್ಯಾಯಾಮದ ಮರುದಿನ ಅಥವಾ ಎರಡನೆಯ ದಿನ ಉಲ್ಬಣಿಸಿ ದಿನಗಟ್ಟಲೆ ಮಲಗಿಸುವ ಬಳಲಿಕೆ ಒಂದು ಪ್ರತ್ಯೇಕ ರೋಗದ ಲಕ್ಷಣವಿರಬಹುದು. ಆ ರೋಗದವರಿಗೆ ಹಂತಹಂತವಾಗಿ ವ್ಯಾಯಾಮ ಏರಿಸುವ ಚಿಕಿತ್ಸೆ ಸಲ್ಲದೆಂದು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2021ರಲ್ಲಿ ಹೇಳಿತು.

ಎರಡನೆಯದು ನಿದ್ದೆ. ಪಾಳಿ ಬದಲಾಗುತ್ತಿರುವವರಲ್ಲಿ ನಿದ್ದೆ ಮುರಿದು ಹಸಿವು ಹೆಚ್ಚುತ್ತದೆ. ರಾತ್ರಿ ಪಾಳಿ ಮುಗಿಸಿ ನೇರವಾಗಿ ಓಡಲು ಹೋಗುವುದಕ್ಕಿಂತ ಮಲಗುವುದೇ ಅಂದಿನ ಸಾಧನೆ. ಮೂರನೆಯದು ದುಡಿಮೆಯ ಲೆಕ್ಕ. ಫೌಂಡ್ರಿಯಲ್ಲಿ ಭಾರ ಎತ್ತಿದವನಿಗೆ ಶ್ರಮ ಆಗಲೇ ಆಗಿದೆ. ಅವನಿಗೆ ನೀರು, ಊಟ, ವಿಶ್ರಾಂತಿ ಮತ್ತು ವಾರದಲ್ಲಿ ಕೆಲವು ದಿನದ ಹಗುರ ನಡಿಗೆ ಸಾಕು. ಕೂತು ದುಡಿಯುವವನಿಗೆ ಚಲನೆಯೇ ಔಷಧ. ಅವನ ಜಡತೆ ಸ್ವಲ್ಪ ನಡೆದರೆ ಕಳೆಯುತ್ತದೆ, ಮಲಗಿದರೆ ಬೆಳೆಯುತ್ತದೆ. ನಡೆದ ಮೇಲೆ ಮೈ ಹಗುರಾದರೆ ಅದು ಆಲಸ್ಯ, ಇನ್ನಷ್ಟು ಕುಸಿದರೆ ಬಳಲಿಕೆ ಎಂದು ಸ್ಥೂಲವಾಗಿ ತಿಳಿಯಬಹುದು.

ನಾಲ್ಕನೆಯದು ನಿಧಾನ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಚಟುವಟಿಕೆ. ಅಲ್ಪವಾದರೂ ಏನೂ ಇಲ್ಲದ್ದಕ್ಕಿಂತ ಒಳ್ಳೆಯದೆಂದೂ ಅದು ಒತ್ತಿ ಹೇಳಿದೆ. ಹತ್ತು ನಿಮಿಷದಿಂದ ಆರಂಭಿಸಿ ತಿಂಗಳುಗಳಲ್ಲಿ ಅಷ್ಟು ದೂರ ತಲುಪಿದವರು ಸೋತವರೇನಲ್ಲ.

ತೂಕ ಮತ್ತು ಮನುಷ್ಯನ ಬೆಲೆ

ಚರಕಸಂಹಿತೆ ಅತಿಸ್ಥೂಲನನ್ನೂ ಅತಿಕೃಶನನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿ, ಇಬ್ಬರಿಗೂ ಚಿಕಿತ್ಸೆ ಬೇಕೆನ್ನುತ್ತದೆ. ಸ್ಥೂಲದೇಹದ ಎಂಟು ದೋಷಗಳಲ್ಲಿ ದೌರ್ಬಲ್ಯವನ್ನೂ ಅತಿಯಾದ ಹಸಿವನ್ನೂ ಎಣಿಸುತ್ತದೆ. ದಪ್ಪಗಿರುವವನು ದಣಿಯುವುದೂ ಹಸಿಯುವುದೂ ಅವನ ಸ್ಥಿತಿಯ ಲಕ್ಷಣಗಳೆಂದು ಚರಕ ಅರಿತಿದ್ದ. ಲಕ್ಷಣಕ್ಕಾಗಿ ರೋಗಿಯನ್ನು ನಿಂದಿಸುವುದು ವೈದ್ಯನ ಧರ್ಮವಾಗದು, ನೆರೆಹೊರೆಯವರ ಧರ್ಮವೂ ಆಗದು.

ಸಂಕಲ್ಪಕ್ಕೆ ಈ ಎಲ್ಲದರಲ್ಲೂ ಜಾಗವಿದೆ. ಪರೀಕ್ಷೆ ಮಾಡಿಸಿಕೊಳ್ಳಲು, ಹೊತ್ತಿಗೆ ಮಲಗಲು, ಅಗತ್ಯದಷ್ಟೇ ಬಡಿಸಿಕೊಳ್ಳಲು, ಮೈ ಜಡವಾದ ದಿನವೂ ಹತ್ತು ನಿಮಿಷ ನಡೆಯಲು, ಮೈ ಕುಸಿದ ದಿನ ನಾಚಿಕೆಪಡದೆ ನಿಲ್ಲಲು ಸಂಕಲ್ಪ ಬೇಕು. ಧರ್ಮಗ್ರಂಥಗಳು ಸಾಧಕನಿಂದ ಕೇಳುವುದು ಇಂಥ ದೀರ್ಘಕಾಲದ ನಿಷ್ಠೆಯನ್ನು. ತಕ್ಕಡಿಯ ಅಂಕಿ ದೇಹದ ಒಂದು ಸ್ಥಿತಿಯನ್ನಷ್ಟೇ ತಿಳಿಸುತ್ತದೆ. ಆ ಅಂಕಿಯಿಂದ ಒಬ್ಬರ ಯೋಗ್ಯತೆಯನ್ನು ನಿರ್ಣಯಿಸುವ ಅಧಿಕಾರ ಇತರರಿಗೂ ಇಲ್ಲ, ಸ್ವತಃ ಅವರಿಗೂ ಇಲ್ಲ.